ಕುಲಾಂತರಿ ಆಹಾರ: ಜನರ ಮನಸ್ಸನ್ನು ಕೇಳುವ ಬಗೆ

ಮೊದಲಿಗೆ ಒಂದು ಹೇಳಿಕೆ ಓದುತ್ತೇನೆ. ಸರಿಯೋ ತಪ್ಪೋ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. "ಸಾಮಾನ್ಯ ಟೊಮೆಟೊದಲ್ಲಿ ಜೀನುಗಳಿರುವುದಿಲ್ಲ, ಕುಲಾಂತರಿ ಟೊಮೆಟೊದಲ್ಲಿ ಇರುತ್ತವೆ."

ತಪ್ಪು. ಜೀನು ಎಂದರೆ ಜೀವಿಯ ಗುಣಗಳನ್ನು ನಿರ್ಧರಿಸುವ ಸೂಚನೆ, ಕುಲಾಂತರಿ ಎಂದರೆ ಪ್ರಯೋಗಾಲಯದಲ್ಲಿ ಜೀನು ಸೇರಿಸಿ ಮಾಡಿದ ತಳಿ. ಯಾವ ಟೊಮೆಟೊ ಆದರೂ ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜೀನುಗಳಿರುತ್ತವೆ. ಯುರೋಪಿನ ದೇಶಗಳಲ್ಲಿ ಯೂರೋಬ್ಯಾರೋಮೀಟರ್ ಎಂಬ ಸಮೀಕ್ಷೆ 1996ರಲ್ಲಿ ಇದೇ ಹೇಳಿಕೆಯನ್ನು ಜನರ ಮುಂದಿಟ್ಟಾಗ ಸರಿಯಾಗಿ ಉತ್ತರಿಸಿದವರು ಮೂರರಲ್ಲಿ ಒಬ್ಬರಷ್ಟೇ. 2005ರಲ್ಲಿ ಆ ಪ್ರಮಾಣ ಶೇ. 41ಕ್ಕೆ ಏರಿತು. ಅಂದಿನಿಂದ ಇಂದಿನವರೆಗೆ ಕುಲಾಂತರಿ ಆಹಾರದ ಬಗ್ಗೆ ಯಾರೇ ಮಾತಾಡಲಿ, ಈ ಟೊಮೆಟೊ ಬಂದೇ ಬರುತ್ತದೆ. "ನೋಡಿ, ಜನಕ್ಕೆ ಇಷ್ಟೂ ಗೊತ್ತಿಲ್ಲ, ಅದಕ್ಕೇ ಹೆದರುತ್ತಾರೆ" ಎಂದು ಒಂದು ಪಕ್ಷದವರು ಹೇಳಿ ಮುಗಿಸಿಬಿಡುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ಜೀನು ಎಂದರೇನು ಎಂದು ತಿಳಿಯದವರೂ ತಮ್ಮ ತಟ್ಟೆಗೆ ಬರುವುದನ್ನು ಯಾರು ತೀರ್ಮಾನಿಸಿದರು ಎಂದು ಕೇಳಬಲ್ಲರು. ಆ ಎರಡನೆಯ ಪ್ರಶ್ನೆಯನ್ನು ನಮ್ಮ ಸಮೀಕ್ಷೆಗಳು ಕೇಳುವುದೇ ಅಪರೂಪ. ಕೇಳದೆ ಬಿಟ್ಟು, ಜನಾಭಿಪ್ರಾಯ ಇಷ್ಟೇ ಎಂದು ಶೇಕಡಾವಾರು ಅಂಕಿ ಹಿಡಿದು ಓಡಾಡುತ್ತೇವೆ. ಆ ಅಂಕಿಗಳು ಹೇಗೆ ಹುಟ್ಟುತ್ತವೆ, ಎಲ್ಲಿ ಕೆಡುತ್ತವೆ ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಒಂದು ಉದಾಹರಣೆಯಿಂದ ಶುರು ಮಾಡುತ್ತೇನೆ. 2015ರ ಜನವರಿಯಲ್ಲಿ ಅಮೆರಿಕದ ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದವರು ತಮ್ಮ ಮಾಸಿಕ ಆಹಾರ ಸಮೀಕ್ಷೆಯಲ್ಲಿ ಸರ್ಕಾರದ ಹಲವು ನಿಯಮಗಳ ಪಟ್ಟಿ ಕೊಟ್ಟು, ಯಾವುದನ್ನು ಬೆಂಬಲಿಸುತ್ತೀರಿ ಎಂದು ಕೇಳಿದರು. ಕುಲಾಂತರಿ ಪದಾರ್ಥ ಇರುವ ಆಹಾರಕ್ಕೆ ಲೇಬಲ್ ಕಡ್ಡಾಯವಾಗಬೇಕು ಎಂದವರು ಶೇ. 82. ಡಿಎನ್‌ಎ ಇರುವ ಆಹಾರಕ್ಕೆ ಲೇಬಲ್ ಕಡ್ಡಾಯವಾಗಬೇಕು ಎಂದವರು ಶೇ. 80. ಜೀನುಗಳು ಆಗಿರುವುದೇ ಡಿಎನ್‌ಎಯಿಂದ, ಅದು ಇಲ್ಲದ ತರಕಾರಿ ಎಲ್ಲಿದೆ? ಈ ಸುದ್ದಿ ಬಂದಾಗ ಬಹಳ ಮಂದಿ ನಕ್ಕರು. ನಗುವುದನ್ನು ಬಿಟ್ಟು ಪ್ರಶ್ನೆಯ ಆಕಾರವನ್ನು ನೋಡಿ. ಗ್ರಾಹಕರಿಗೆ ಹೆಚ್ಚು ಮಾಹಿತಿ ಕೊಡುವ ನಿಯಮವೊಂದನ್ನು ಮುಂದಿಟ್ಟು "ಬೇಕೋ ಬೇಡವೋ" ಎಂದರೆ, ಬೇಡ ಅನ್ನಲು ಕಾರಣ ಬೇಕು. ಬೇಕು ಅನ್ನಲು ಏನೂ ಬೇಡ, ಖರ್ಚೂ ಇಲ್ಲ. ಮಾಹಿತಿ ಬೇಕೇ ಎಂದು ಕೇಳಿದರೆ ಮನುಷ್ಯ ತಲೆಯಾಡಿಸುತ್ತಾನೆ. ಅಂದಮೇಲೆ ಆ 82ರಲ್ಲಿ ಎಷ್ಟು ಭಾಗ ಕುಲಾಂತರಿಯ ಬಗೆಗಿನ ನಿಜವಾದ ಕಾಳಜಿ, ಎಷ್ಟು ಭಾಗ ಬರೀ ತಲೆಯಾಡಿಸಿದ್ದು? ಡಿಎನ್‌ಎ ಪ್ರಶ್ನೆ ಅಳತೆಗೋಲಿನ ತಪ್ಪನ್ನು ತೋರಿಸಿಕೊಟ್ಟಿತು. ಸಮೀಕ್ಷೆ ಮಾಡುವವರು ಇಂಥ ಒಂದು ಪರೀಕ್ಷೆಯ ಪ್ರಶ್ನೆಯನ್ನು ಪಟ್ಟಿಯಲ್ಲಿ ಸೇರಿಸಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಬಂದ ಉತ್ತರ ಎಷ್ಟು ಎತ್ತರದಲ್ಲಿದೆ ಎಂದು ನೋಡಿದ ಮೇಲೆಯೇ ಉಳಿದ ಉತ್ತರಗಳನ್ನು ಓದಬೇಕು.

ಎರಡನೆಯ ಉದಾಹರಣೆ ಇನ್ನೂ ಸ್ಪಷ್ಟ. 2013ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಹೀಗೆ ಕೇಳಿದರು: ಈಗ ಆಹಾರದ ಲೇಬಲ್ಲಿನ ಮೇಲೆ ಇಲ್ಲದ ಯಾವ ಮಾಹಿತಿ ನಿಮಗೆ ಬೇಕು? ಉತ್ತರಗಳ ಪಟ್ಟಿ ಕೊಡಲಿಲ್ಲ, ಸುಳಿವೂ ಕೊಡಲಿಲ್ಲ. ಕುಲಾಂತರಿ ಎಂದು ತಾವಾಗಿಯೇ ಹೇಳಿದವರು ಶೇ. 7. ಬಳಿಕ ಪಟ್ಟಿ ಕೊಟ್ಟು ಯಾವುದು ಎಷ್ಟು ಮುಖ್ಯ ಎಂದಾಗ, ಕುಲಾಂತರಿಯ ಮಾಹಿತಿ ಬಹಳ ಮುಖ್ಯ ಎಂದವರು ಶೇ. 59. ಕೊನೆಗೆ, ಕುಲಾಂತರಿ ಆಹಾರಕ್ಕೆ ಲೇಬಲ್ ಕಡ್ಡಾಯ ಮಾಡಬೇಕೇ ಎಂದು ನೇರವಾಗಿ ಕೇಳಿದಾಗ ಹೌದು ಎಂದವರು ಶೇ. 73.

ಏಳು, ಐವತ್ತೊಂಬತ್ತು, ಎಪ್ಪತ್ತಮೂರು. ಅದೇ ಜನ, ಅದೇ ಸಮೀಕ್ಷೆ. ಲೇಬಲ್ ಬೇಡ ಎನ್ನುವವರು 7 ಎಂಬ ಅಂಕಿಯನ್ನು ಎತ್ತಿಕೊಂಡು ಹೋದರು, ಬೇಕು ಎನ್ನುವವರು 73ನ್ನು. ಎರಡೂ ಸುಳ್ಳಲ್ಲ. ದಿನವೂ ತಲೆಯಲ್ಲಿ ಓಡುವ ಚಿಂತೆ ಎಷ್ಟು ಜನಕ್ಕಿದೆ ಎಂಬುದನ್ನು ಏಳು ಹೇಳುತ್ತದೆ. ವಿಷಯ ಎದುರಿಗೆ ಬಂದು ನಿಂತಾಗ ಯಾವ ಕಡೆ ವಾಲುತ್ತಾರೆ ಎಂಬುದನ್ನು ಎಪ್ಪತ್ತಮೂರು ಹೇಳುತ್ತದೆ. ಕಾನೂನು ಮಾಡುವವರಿಗೆ ಎರಡೂ ಬೇಕು. ಇಂದು ಏಳರಲ್ಲಿ ನಿಂತಿರುವ ಅಂಕಿ, ಒಂದು ವಿವಾದ ಎದ್ದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬ ಅಂದಾಜು ಎಪ್ಪತ್ತಮೂರರಲ್ಲಿದೆ.

ಹಾಗಾಗಿ ಪ್ರಶ್ನಾವಳಿಯಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಮುಕ್ತ ಪ್ರಶ್ನೆ: ಆಹಾರದ ವಿಷಯದಲ್ಲಿ ನಿಮಗೆ ಏನು ಚಿಂತೆ? ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಆಮೇಲೆ ಪಟ್ಟಿ, ಅದರ ಸಾಲುಗಳ ಕ್ರಮವನ್ನು ಒಬ್ಬೊಬ್ಬರಿಗೂ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಮೇಲಿನ ಸಾಲಿಗೆ ಹೆಚ್ಚು ಗುರುತು ಬೀಳುತ್ತದೆ. ಆಮೇಲೆ ಕುಲಾಂತರಿ ಆಹಾರದ ಬಗ್ಗೆ ಕೇಳಿದ್ದೀರಾ, ಎಷ್ಟು ತಿಳಿದಿದೆ ಎಂಬ ಪ್ರಶ್ನೆ. ಅದಾದ ಮೇಲೆ ನಿರ್ದಿಷ್ಟ ಪದಾರ್ಥಗಳ ಬಗ್ಗೆ. ಟೊಮೆಟೊ ಪ್ರಶ್ನೆಯಂಥ ಸರಿ-ತಪ್ಪು ಪ್ರಶ್ನೆಗಳು ಕಟ್ಟಕಡೆಗೆ. ಅವನ್ನು ಮೊದಲೇ ಇಟ್ಟರೆ ಉತ್ತರಿಸುವವರಿಗೆ ಪರೀಕ್ಷೆಗೆ ಕೂತಂತಾಗುತ್ತದೆ. ಕೆಲವರು ಮುದುಡಿಕೊಂಡು ಮುಂದಿನದಕ್ಕೆಲ್ಲ "ಗೊತ್ತಿಲ್ಲ" ಎನ್ನುತ್ತಾರೆ, ಕೆಲವರು ಸಿಡುಕುತ್ತಾರೆ. ಮುಕ್ತ ಉತ್ತರಗಳನ್ನು ವಿಂಗಡಿಸುವಾಗ ಇಬ್ಬರು ಬೇರೆ ಬೇರೆ ಕೂತು ವಿಂಗಡಿಸಿ ಹೋಲಿಸಬೇಕು. "ಈಗಿನ ತರಕಾರಿಯೆಲ್ಲ ಕಲಬೆರಕೆ" ಎಂಬ ಮಾತು ಕುಲಾಂತರಿಯ ಖಾನೆಗೆ ಹೋಗಬೇಕೋ, ಕೀಟನಾಶಕದ ಖಾನೆಗೋ? ಒಬ್ಬರೇ ಮಾಡಿದರೆ ಅವರ ಮನಸ್ಸಿನಲ್ಲಿರುವ ಖಾನೆಗೆ ಹೋಗುತ್ತದೆ.

ಪ್ರಶ್ನೆ ಬದಲಾದರೆ ಹೋಲಿಕೆಯೂ ಕೆಡುತ್ತದೆ. 2010ರ ಯೂರೋಬ್ಯಾರೋಮೀಟರ್‌ನಲ್ಲಿ ಆಹಾರದಲ್ಲಿನ ಕುಲಾಂತರಿಗಳ ಬಗ್ಗೆ ಚಿಂತೆ ಇದೆ ಎಂದವರು ಶೇ. 66. 2019ರಲ್ಲಿ ಶೇ. 27. ಒಂಬತ್ತು ವರ್ಷದಲ್ಲಿ ಯುರೋಪಿನ ಜನ ಮನಸ್ಸು ಬದಲಿಸಿದರು ಎಂದು ಎಷ್ಟೋ ಕಡೆ ಬರೆದದ್ದುಂಟು. ಆದರೆ 2010ರಲ್ಲಿ ಒಂದೊಂದು ಅಪಾಯವನ್ನೂ ಬೇರೆ ಬೇರೆ ಓದಿ, ಇದರ ಬಗ್ಗೆ ನಿಮಗೆ ಎಷ್ಟು ಚಿಂತೆ ಎಂದು ಕೇಳಿದ್ದರು. ಎಲ್ಲದಕ್ಕೂ "ಚಿಂತೆ ಇದೆ" ಎನ್ನಲು ಅಡ್ಡಿ ಇರಲಿಲ್ಲ. 2019ರಲ್ಲಿ ಉದ್ದನೆಯ ಪಟ್ಟಿಯಿಂದ ಹೆಚ್ಚೆಂದರೆ ಐದನ್ನು ಆರಿಸಿ ಎಂದರು. ಹತ್ತಾರು ಚಿಂತೆಗಳಲ್ಲಿ ಐದನ್ನೇ ಆರಿಸಬೇಕಾದಾಗ ಪ್ರತಿಯೊಂದರ ಪಾಲೂ ಇಳಿಯುವುದು ಸಹಜ. ಚಿಂತೆ ನಿಜವಾಗಿ ಇಳಿದಿರಲೂಬಹುದು. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹಾಗೆನ್ನಲು ಬರುವುದಿಲ್ಲ. ಎರಡು ವರ್ಷಗಳ ಅಂಕಿ ಕೊಟ್ಟು ಏರಿತು, ಇಳಿಯಿತು ಎನ್ನುವ ವರದಿ ಕಂಡಾಗಲೆಲ್ಲ ಎರಡೂ ವರ್ಷದ ಪ್ರಶ್ನೆಯ ಪೂರ್ತಿ ಪಠ್ಯವನ್ನು ಹುಡುಕಿ ಓದಿ. ಸಾಮಾನ್ಯವಾಗಿ ವರದಿಯ ಕೊನೆಯ ಅನುಬಂಧದಲ್ಲಿ ಇರುತ್ತದೆ.

ಈಗ ಒಂದು ಪ್ರಶ್ನೆಯನ್ನೇ ಕೈಗೆತ್ತಿಕೊಂಡು ಬಿಚ್ಚೋಣ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ಬಗೆಯದು ಇದು: "ಆರೋಗ್ಯಕ್ಕೂ ಪರಿಸರಕ್ಕೂ ಹಾನಿ ಮಾಡಬಹುದಾದ ಕುಲಾಂತರಿ ಆಹಾರವನ್ನು ನೀವು ಮತ್ತು ನಿಮ್ಮ ಮನೆಯವರು ತಿನ್ನಲು ಒಪ್ಪುತ್ತೀರಾ?"

"ಹಾನಿ ಮಾಡಬಹುದಾದ" ಎಂದಾಗಲೇ ಉತ್ತರ ಬಾಯಿಗೆ ತುರುಕಿದಂತಾಯಿತು. ಅದನ್ನು ತೆಗೆದರೂ ತೊಡಕು ಮುಗಿಯುವುದಿಲ್ಲ. ಆರೋಗ್ಯ ಒಂದು, ಪರಿಸರ ಇನ್ನೊಂದು. ತಾನು ತಿನ್ನುವುದು ಒಂದು, ಮನೆಯವರಿಗೆ ಬಡಿಸುವುದು ಇನ್ನೊಂದು. ತಾನು ತಿಂದೇನು, ಮಗುವಿಗೆ ಕೊಡಲಾರೆ ಎನ್ನುವ ತಾಯಿ ಇಲ್ಲಿ ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ? "ಒಪ್ಪುತ್ತೀರಾ" ಎಂಬುದೂ ಜಾರುವ ಮಾತು. ದುಡ್ಡು ಕೊಟ್ಟು ಕೊಳ್ಳುವುದೇ, ಯಾರಾದರೂ ಬಡಿಸಿದರೆ ಬೇಡ ಎನ್ನದಿರುವುದೇ, ಮಾರಾಟಕ್ಕೆ ಅವಕಾಶ ಇರಲಿ ಎನ್ನುವುದೇ? ಇನ್ನು "ಕುಲಾಂತರಿ ಆಹಾರ" ಎಂಬ ಒಂದೇ ಪದದೊಳಗೆ ಕೀಟ ತಡೆಯುವ ಜೋಳ, ಕಳೆನಾಶಕ ತಾಳಿಕೊಳ್ಳುವ ಸೋಯಾ, ನಂಜುರೋಗ ತಡೆಯುವ ಪಪಾಯ, ಎಲ್ಲವೂ ಇವೆ. ಯಾವುದನ್ನು ನೆನೆದು ಉತ್ತರ ಹೇಳುತ್ತಾರೋ ತಿಳಿಯದು.

ತಿದ್ದಿ ಬರೆಯುವುದು ಹೀಗೆ. ಮೊದಲು ಪದಾರ್ಥವನ್ನು ಎರಡು ಮೂರು ಸಾಲಿನಲ್ಲಿ ಹೇಳಿ: "ಹಣ್ಣಾದ ಮೇಲೆ ಬೇಗ ಮೆತ್ತಗಾಗದಂತೆ, ಮೆತ್ತಗಾಗಿಸುವ ಒಂದು ಜೀನಿನ ಕೆಲಸವನ್ನು ತಗ್ಗಿಸಿ ಮಾಡಿದ ಟೊಮೆಟೊ ತಳಿ ಇದು." ಆಮೇಲೆ ಬೇರೆ ಬೇರೆ ನಾಲ್ಕು ಪ್ರಶ್ನೆ: ಇದನ್ನು ಮಾರಲು ಅನುಮತಿ ಇರಬೇಕೇ? ತಿನ್ನಲು ಸುರಕ್ಷಿತ ಎಂದು ನಿಮಗೆ ಅನಿಸುತ್ತದೆಯೇ? ನೀವು ಕೊಳ್ಳುತ್ತೀರಾ? ಹೀಗೆ ತಳಿ ಮಾಡುವುದು ನಿಮ್ಮ ಮನಸ್ಸಿಗೆ ಸರಿಯೇ? ಒಂದೊಂದಕ್ಕೂ ಐದು ಮೆಟ್ಟಿಲಿನ ಉತ್ತರ, ಜೊತೆಗೆ "ಹೇಳಲಾರೆ" ಎಂಬುದು ಪ್ರತ್ಯೇಕ. ನಾಲ್ಕಕ್ಕೂ ಒಂದೇ ಉತ್ತರ ಬರುತ್ತದೆ ಎಂದುಕೊಂಡಿದ್ದರೆ ಮಾಡಿ ನೋಡಿ. ಸುರಕ್ಷಿತ, ಆದರೆ ಸರಿಯಲ್ಲ ಎನ್ನುವವರಿದ್ದಾರೆ. ನನಗೆ ಬೇಡ, ಬೇಕಾದವರಿಗೆ ಸಿಗಲಿ ಎನ್ನುವವರೂ ಇದ್ದಾರೆ.

ಆ ವಿವರಣೆಯ ಸಾಲಿನಲ್ಲೂ ಒಂದು ತಪ್ಪು ಅಡಗಿದೆ, ಗಮನಿಸಿದಿರಾ? 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಫ್ಲೇವರ್ ಸೇವರ್ ಟೊಮೆಟೊ ಹೆಚ್ಚುಕಡಿಮೆ ಇದೇ ಬಗೆಯದು. ಮೆತ್ತಗಾಗಿಸುವ ಕಿಣ್ವದ ಜೀನನ್ನೇ ತಿರುಗುಮುರುಗಾಗಿ ಸೇರಿಸಿ ಆ ಕಿಣ್ವ ಕಡಿಮೆ ಉತ್ಪತ್ತಿಯಾಗುವಂತೆ ಮಾಡಿದ್ದರು. ಆದರೆ ಯಾವ ಜೀವಕೋಶದಲ್ಲಿ ಬದಲಾವಣೆ ಆಗಿದೆ ಎಂದು ಗುರುತಿಸಲು, ಕನಮೈಸಿನ್ ಎಂಬ ಪ್ರತಿಜೀವಕವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾದ ಜೀನೊಂದನ್ನೂ ಜೊತೆಗೆ ಸೇರಿಸಿದ್ದರು. ವಿವರಣೆಯಲ್ಲಿ ಅದನ್ನು ಬಿಟ್ಟರೆ ಬೆಂಬಲ ಹೆಚ್ಚು ಬರುತ್ತದೆ, ಸೇರಿಸಿದರೆ ಕಡಿಮೆ. ಬಿಡುವುದು ಮೋಸ. ವಿವರಣೆಯನ್ನು ಕುಲಾಂತರಿ ಬೇಕು ಎನ್ನುವ ಪಕ್ಷದ ಒಬ್ಬರಿಗೂ ವಿರೋಧಿಸುವ ಪಕ್ಷದ ಒಬ್ಬರಿಗೂ ತೋರಿಸಿ, ಇಬ್ಬರೂ ಇದರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟದ್ದಿಲ್ಲ ಎಂದ ಮೇಲೆ ಬಳಸಬೇಕು.

ಪದದ ಬಗ್ಗೆ ಒಂದು ಮಾತು, ಸ್ವಲ್ಪ ದಾರಿ ಬಿಟ್ಟು ಹೋದರೂ ಪರವಾಗಿಲ್ಲ. ಕನ್ನಡದಲ್ಲಿ "ಕುಲಾಂತರಿ" ಎಂಬ ಮಾತು ಚೆನ್ನಾಗಿ ನೆಲೆಯೂರಿದೆ. ಒಂದು ಕುಲದ ಜೀವಿಯ ಜೀನನ್ನು ಇನ್ನೊಂದಕ್ಕೆ ಸೇರಿಸಿದಾಗ ಅದು ಸರಿಯಾದ ಪದವೂ ಹೌದು. ಆದರೆ ಗಿಡದ ತನ್ನದೇ ಜೀನಿನಲ್ಲಿ ಸಣ್ಣ ತಿದ್ದುಪಡಿ ಮಾಡಿ, ಹೊರಗಿನದೇನನ್ನೂ ಉಳಿಸದ ಜೀನ್ ಎಡಿಟಿಂಗ್ ತಳಿಗೆ ಅದನ್ನು ಬಳಸಿದರೆ ಆಗದ್ದನ್ನು ಆಗಿದೆ ಎಂದಂತೆ. ಜೊತೆಗೆ "ಕುಲ" ಎಂಬ ಶಬ್ದ ತನ್ನ ಹಳೆಯ ಭಾರವನ್ನೆಲ್ಲ ಹೊತ್ತೇ ಬರುತ್ತದೆ. ಅರ್ಥ ತಿಳಿಯುವ ಮೊದಲೇ ಏನೋ ಕೆಟ್ಟಿತು ಎಂಬ ಭಾವ ಹುಟ್ಟಿಸಬಲ್ಲದು. ಜೆನೆಟಿಕಲಿ ಮಾಡಿಫೈಡ್ ಎಂಬುದನ್ನು ಚುಟುಕಾಗಿಸಿ "ಜಿಎಂ" ಎಂದರೆ ಭಾರವಿಲ್ಲ, ಅರ್ಥವೂ ಇಲ್ಲ. "ಸುಧಾರಿತ ತಳಿ" ಎಂದರೆ ಹೊಗಳಿದಂತೆ, ಜೊತೆಗೆ ಸಾಮಾನ್ಯ ಹೈಬ್ರಿಡ್ ಜೊತೆ ಬೆರೆತುಹೋಗುತ್ತದೆ. ಯಾವ ಪದ ಎಷ್ಟು ವಾಲಿಸುತ್ತದೆ ಎಂದು ಊಹಿಸುತ್ತ ಕೂರಬೇಕಿಲ್ಲ, ಅಳೆಯಬಹುದು. ಸಾವಿರ ಜನರನ್ನು ಚೀಟಿ ಎತ್ತಿದಂತೆ ಎರಡು ಭಾಗ ಮಾಡಿ. ಐನೂರು ಜನಕ್ಕೆ ಒಂದು ಪದ, ಐನೂರು ಜನಕ್ಕೆ ಇನ್ನೊಂದು, ಉಳಿದದ್ದೆಲ್ಲ ಒಂದೇ.

ಇಲ್ಲಿ ಲೆಕ್ಕ ತಪ್ಪುವವರು ಬಹಳ. ಸರಿಯಾಗಿ ಆರಿಸಿದ ಸಾವಿರ ಜನರ ಸಮೀಕ್ಷೆಯಲ್ಲಿ ಅಂಕಿ ಮೂರು ಶೇಕಡಾ ಅಂಶ ಅತ್ತಿತ್ತ ಆಗಬಹುದು. ನಾನೂರು ಜನವಾದರೆ ಐದು ಅಂಶ. ಆದರೆ ಐನೂರರ ಎರಡು ಗುಂಪುಗಳ ನಡುವಿನ ವ್ಯತ್ಯಾಸ ನೋಡುವಾಗ ಎರಡರ ಅನಿಶ್ಚಿತತೆಯೂ ಕೂಡಿಕೊಳ್ಳುತ್ತದೆ. ಶೇ. 50ರ ಆಸುಪಾಸಿನ ಅಂಕಿಗಳಿಗೆ ಆರು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮಾತ್ರ ಪದದ ಪ್ರಭಾವ ಎಂದು ಹೇಳಬಹುದು. ನಾಲ್ಕು ಅಂಶದ ವ್ಯತ್ಯಾಸಕ್ಕೆ ಪುಟಗಟ್ಟಲೆ ವಿವರಣೆ ಬರೆದ ವರದಿಗಳಿವೆ.

"ಹೇಳಲಾರೆ" ಎಂಬ ಖಾನೆಯನ್ನು ಕೆಲವರು ಬೇಕೆಂದೇ ತೆಗೆಯುತ್ತಾರೆ, ಅಂಕಿ ಗಟ್ಟಿಯಾಗಿ ಕಾಣಲಿ ಎಂದು. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2019-20ರಲ್ಲಿ ಇಪ್ಪತ್ತು ದೇಶ-ಪ್ರದೇಶಗಳಲ್ಲಿ ಕೇಳಿದಾಗ, ಎಲ್ಲ ದೇಶಗಳ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟರೆ ನಡುವೆ ಬರುವ ಅಂಕಿಯಲ್ಲಿ ಶೇ. 48 ಮಂದಿ ಕುಲಾಂತರಿ ಆಹಾರ ಸುರಕ್ಷಿತವಲ್ಲ ಎಂದರು, ಶೇ. 13 ಮಂದಿ ಸುರಕ್ಷಿತ ಎಂದರು. ಹೇಳುವಷ್ಟು ತನಗೆ ತಿಳಿದಿಲ್ಲ ಎಂದವರು ಶೇ. 37. ಈ ಮೂರನೆಯ ಗುಂಪೇ ನನ್ನ ಮಟ್ಟಿಗೆ ಆ ಸಮೀಕ್ಷೆಯ ಮುಖ್ಯ ಸಂಗತಿ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಪ್ರಾಮಾಣಿಕವಾಗಿ ಕೈಯೆತ್ತಿದ್ದಾರೆ. ಖಾನೆ ತೆಗೆದಿದ್ದರೆ ಅವರೆಲ್ಲ ಯಾವುದೋ ಒಂದು ಕಡೆ ಗುರುತು ಹಾಕುತ್ತಿದ್ದರು, ನಾವು ಅದನ್ನು ಅಭಿಪ್ರಾಯ ಎಂದು ಕರೆಯುತ್ತಿದ್ದೆವು.

ಯಾರನ್ನು ಕೇಳಿದೆವು ಎಂಬುದಕ್ಕೆ ಬರುತ್ತೇನೆ. 2003ರಲ್ಲಿ ಬ್ರಿಟನ್ನಿನಲ್ಲಿ "ಜಿಎಂ ನೇಷನ್?" ಎಂಬ ಹೆಸರಿನಲ್ಲಿ ದೇಶವ್ಯಾಪಿ ಚರ್ಚೆ ನಡೆಯಿತು. ನೂರಾರು ಸಭೆಗಳು, ಮೂವತ್ತಾರು ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಪತ್ರಗಳು. ಕುಲಾಂತರಿ ಆಹಾರ ತಿನ್ನಲು ಇಷ್ಟವಿಲ್ಲ ಎಂಬ ದನಿ ಅದರಲ್ಲಿ ಬಹಳ ಎತ್ತರದಲ್ಲಿತ್ತು. ಆದರೆ ಸಭೆಗೆ ಬಂದವರು ತಾವಾಗಿ ಬಂದವರು, ಮೊದಲೇ ಗಟ್ಟಿ ಅಭಿಪ್ರಾಯ ಇದ್ದವರು. ಅದೇ ಹೊತ್ತಿಗೆ ಸಂಶೋಧಕರು 1,363 ಜನರನ್ನು ಮಾದರಿಯಾಗಿ ಆರಿಸಿ ಮಾಡಿದ ಸಮೀಕ್ಷೆಯಲ್ಲಿ ವಿರೋಧಿಸಿದವರು ಶೇ. 36, ಬೆಂಬಲಿಸಿದವರು ಶೇ. 13, ಎರಡೂ ಅಲ್ಲ ಎಂದವರು ಶೇ. 39. ಹಾಗೆಂದು ಸಭೆಗಳು ವ್ಯರ್ಥ ಎಂದು ತೀರ್ಮಾನಿಸಬೇಡಿ. ಚರ್ಚೆಯನ್ನು ನಡೆಸಿದವರು ಒಂದು ಜಾಣತನ ಮಾಡಿದ್ದರು. ಈ ವಿಷಯದಲ್ಲಿ ತೊಡಗಿಕೊಂಡಿರದ 77 ಜನ ಸಾಮಾನ್ಯರನ್ನು ಗುಂಪುಗಳಾಗಿ ಕೂರಿಸಿ, ಓದಲು ಸಮಯ ಕೊಟ್ಟು, ಮತ್ತೆ ಕರೆದು ಕೇಳಿದರು. ಹೆಚ್ಚು ತಿಳಿದಂತೆ ಅವರು ಬಡ ದೇಶಗಳಿಗೆ ಆಗಬಹುದಾದ ಪ್ರಯೋಜನವನ್ನು ಒಪ್ಪುತ್ತ ಬಂದರು. ಅಪಾಯದ ಬಗ್ಗೆ ಮಾತ್ರ ಅವರ ಅಳುಕು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ತಿಳಿಸಿ ಹೇಳಿದರೆ ಸರಿಹೋಗುತ್ತಾರೆ ಎಂಬ ನಂಬಿಕೆ ಇಟ್ಟುಕೊಂಡವರು ಇದನ್ನು ಎರಡು ಸಲ ಓದಬೇಕು.

ಅರಿವಿನ ಬಗ್ಗೆ 2019ರಲ್ಲಿ ಬಂದ ಇನ್ನೊಂದು ಅಧ್ಯಯನವಿದೆ. ಅಮೆರಿಕ, ಫ್ರಾನ್ಸ್, ಜರ್ಮನಿಯಲ್ಲಿ ನಡೆದದ್ದು. ಅತಿ ಕಟುವಾಗಿ ವಿರೋಧಿಸುವವರು ತಮಗೆ ಬಹಳ ತಿಳಿದಿದೆ ಎಂದುಕೊಂಡಿದ್ದರು. ವಿಜ್ಞಾನದ ಸರಿ-ತಪ್ಪು ಪ್ರಶ್ನೆಗಳಲ್ಲಿ ಅವರ ಅಂಕವೇ ಕಡಿಮೆ ಇತ್ತು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಇದು ವಿರೋಧಿಗಳಲ್ಲಿ ತುದಿಯವರ ಮಾತು, ನಡುವಿನ ದೊಡ್ಡ ಗುಂಪಿನದಲ್ಲ. ಇನ್ನೊಂದು ಅಮೆರಿಕನ್ ಅಧ್ಯಯನ 2016ರದು. ವಿರೋಧಿಸಿದವರಲ್ಲಿ ಶೇ. 71 ಮಂದಿ, ಪ್ರಯೋಜನ ಎಷ್ಟೇ ದೊಡ್ಡದಿರಲಿ, ಅಪಾಯ ಎಷ್ಟೇ ಸಣ್ಣದಿರಲಿ, ಇದನ್ನು ಮಾಡಬಾರದು ಎಂದರು. ಅವರ ಪಾಲಿಗೆ ಇದು ಲಾಭ-ನಷ್ಟದ ಲೆಕ್ಕವೇ ಅಲ್ಲ, ಮುಟ್ಟಬಾರದ್ದನ್ನು ಮುಟ್ಟಿದ ಪ್ರಶ್ನೆ. ಅವರೆದುರು ಇಳುವರಿಯ ಅಂಕಿ ಹರಡಿ ಕೂತರೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಬಾಯಲ್ಲಿ ಹೇಳುವುದು ಒಂದು, ಕೈಯಲ್ಲಿ ಎತ್ತಿಕೊಳ್ಳುವುದು ಒಂದು. ಅದನ್ನು ಅಳೆಯುವ ಒಂದು ಪ್ರಯೋಗವನ್ನು ಹತ್ತಿರದಿಂದ ತೋರಿಸುತ್ತೇನೆ.

ಕೋಣೆಯಲ್ಲಿ ಹತ್ತು ಹದಿನೈದು ಜನ. ಪ್ರತಿಯೊಬ್ಬರ ಮುಂದೆ ನಿಜವಾದ ಬಿಸ್ಕತ್ತಿನ ಪೊಟ್ಟಣ, ಒಂದು ಹಾಳೆ. ಈ ಪೊಟ್ಟಣಕ್ಕೆ ನೀವು ಕೊಡಬಹುದಾದ ಅತಿ ಹೆಚ್ಚಿನ ಬೆಲೆ ಎಷ್ಟು, ಬರೆಯಿರಿ ಎನ್ನುತ್ತಾರೆ. ಆಮೇಲೆ ಚೀಟಿ ಎತ್ತಿ ಒಂದು ಬೆಲೆ ಬರುವಂತೆ ಮಾಡುತ್ತಾರೆ. ನೀವು ಬರೆದದ್ದು ಚೀಟಿಯ ಬೆಲೆಗಿಂತ ಹೆಚ್ಚಿದ್ದರೆ, ಚೀಟಿಯ ಬೆಲೆ ಕೊಟ್ಟು ಪೊಟ್ಟಣ ಕೊಳ್ಳಲೇಬೇಕು. ಕಡಿಮೆ ಇದ್ದರೆ ಪೊಟ್ಟಣ ಇಲ್ಲ. ನಿಜ ಬರೆಯುವುದೇ ಲಾಭ ಆಗುವಂತೆ ಈ ಏರ್ಪಾಡು ಇದೆ: ಕಡಿಮೆ ಬರೆದರೆ ಬೇಕಾದದ್ದು ಕೈತಪ್ಪಬಹುದು, ಹೆಚ್ಚು ಬರೆದರೆ ಅಷ್ಟು ಬೆಲೆ ಬಾಳದ್ದನ್ನು ಕೊಂಡಂತಾಗಬಹುದು. ಮೊದಲ ಸುತ್ತು ಹೆಸರು, ಹೊದಿಕೆ ಏನೂ ಇಲ್ಲದೆ ರುಚಿ ನೋಡಿ. ಮುಂದಿನ ಸುತ್ತು ಪೊಟ್ಟಣ ನೋಡಿ. ಆಮೇಲಿನ ಸುತ್ತು ಇನ್ನಷ್ಟು ಮಾಹಿತಿ ಕೇಳಿ. ಕೊನೆಗೆ ಯಾವ ಸುತ್ತು ನಿಜಕ್ಕೂ ಲೆಕ್ಕಕ್ಕೆ ಎಂಬುದನ್ನೂ ಚೀಟಿ ಎತ್ತಿಯೇ ತೀರ್ಮಾನಿಸುತ್ತಾರೆ. ಹಾಗಾಗಿ ಯಾವ ಸುತ್ತನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಕೆಡುವುದು ಎಲ್ಲಿ? ಮೊದಲನೆಯದು, ಅಭ್ಯಾಸದ ಸುತ್ತುಗಳನ್ನು ಬಿಡುವುದರಿಂದ. ಜನಕ್ಕೆ ಇದು ಚೌಕಾಸಿಯಂತೆ ಕಾಣುತ್ತದೆ, ಬೇಕೆಂದೇ ಕಡಿಮೆ ಬರೆಯುತ್ತಾರೆ. ಬೇರೆ ಯಾವುದಾದರೂ ವಸ್ತುವಿನ ಮೇಲೆ ಎರಡು ಮೂರು ಸಲ ಆಡಿಸಿ, ಕಡಿಮೆ ಬರೆದವರು ಹೇಗೆ ಕಳೆದುಕೊಂಡರು ಎಂದು ತೋರಿಸಿದರೆ ಸರಿಹೋಗುತ್ತದೆ. ಎರಡನೆಯದು, ಅಂಗಡಿಯ ಬೆಲೆ ಗೊತ್ತಿದ್ದರೆ ಅದಕ್ಕಿಂತ ಮೇಲೆ ಯಾರೂ ಬರೆಯುವುದಿಲ್ಲ. ಮೂರನೆಯದು, ಹಸಿದು ಬಂದವರು ಮತ್ತು ಉಂಡು ಬಂದವರು ಒಂದೇ ಬೆಲೆ ಬರೆಯುವುದಿಲ್ಲ. ಎಲ್ಲ ಗುಂಪುಗಳನ್ನೂ ದಿನದ ಒಂದೇ ಹೊತ್ತಿಗೆ ಕರೆಯಬೇಕು.

ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಸಂಶೋಧಕರು ಇಂಥ ಪ್ರಯೋಗಗಳನ್ನು ಮಾಡಿದರು. ಅವರ ಮೊದಲ ಸಂಶೋಧನೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಕುಲಾಂತರಿ ಅಂಶವಿದೆ ಎಂದು ಪೊಟ್ಟಣದ ಮೇಲೆ ಮುದ್ರಿಸಿತ್ತು. ಜನ ಪೊಟ್ಟಣ ಕೈಯಲ್ಲಿ ಹಿಡಿದು ನೋಡಿದರು. ಬರೆದ ಬೆಲೆ ಬದಲಾಗಲಿಲ್ಲ. ಅಂದರೆ ಅವರಿಗೆ ಪರವಾಗಿಲ್ಲ ಎಂದೇ? ಆಮೇಲೆ ಅದೇ ಪದಾರ್ಥಗಳ ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಾಗ ಬೆಲೆ ಇಳಿಯಿತು. ಅವರು ಆ ಸಾಲನ್ನು ಓದಿಯೇ ಇರಲಿಲ್ಲ. ಇನ್ನೊಂದು ಪ್ರಯೋಗದ ವರದಿ 2004ರಲ್ಲಿ ಬಂತು. ಕುಲಾಂತರಿ ಎಂದು ತಿಳಿದ ಮೇಲೆ ಯಾವ ಬೆಲೆಗೂ ಬೇಡ ಎಂದವರು ಶೇ. 35. ಬೆಲೆ ಬದಲಿಸದವರು ಶೇ. 23. ಸಾಕಷ್ಟು ಅಗ್ಗವಾದರೆ ಕೊಳ್ಳುತ್ತೇವೆ ಎಂದವರು ಶೇ. 42. ಫ್ರಾನ್ಸಿನಲ್ಲಿ ಸಮೀಕ್ಷೆಗಳು ಆಗ ತೋರಿಸುತ್ತಿದ್ದ ವಿರೋಧದ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಬೇರೆಯೇ. ಆದರೂ ಆ 35ನ್ನು ಮರೆಯಬೇಡಿ. ಅವರು ಕೈಯಲ್ಲಿನ ದುಡ್ಡನ್ನು ಇಟ್ಟು ಬೇಡ ಎಂದವರು.

ನಿಜವಾದ ಅಂಗಡಿಯಲ್ಲಿ ಏನಾಯಿತು ಎಂಬುದಕ್ಕೂ ದಾಖಲೆ ಇದೆ. 1996ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಎರಡು ದೊಡ್ಡ ಅಂಗಡಿ ಸರಣಿಗಳಲ್ಲಿ ಝೆನೆಕಾ ಕಂಪನಿಯ ಕುಲಾಂತರಿ ಟೊಮೆಟೊದ ಗೊಜ್ಜು ಡಬ್ಬಿಗಳಲ್ಲಿ ಬಂತು. ಡಬ್ಬಿಯ ಮೇಲೆ ಕುಲಾಂತರಿ ಟೊಮೆಟೊದಿಂದ ಮಾಡಿದ್ದು ಎಂದು ಸ್ಪಷ್ಟವಾಗಿ ಬರೆದಿತ್ತು, ಆಗ ಹಾಗೆ ಬರೆಯಬೇಕೆಂಬ ಕಾನೂನು ಇಲ್ಲದಿದ್ದರೂ. ಪಕ್ಕದಲ್ಲೇ ಸಾಮಾನ್ಯ ಗೊಜ್ಜೂ ಇತ್ತು. ಕುಲಾಂತರಿಯದು ಅದೇ ಬೆಲೆಗೆ ದೊಡ್ಡ ಡಬ್ಬಿ. ಗಟ್ಟಿಯಾಗಿ ಉಳಿಯುವ ಹಣ್ಣಿನಲ್ಲಿ ಕೊಳೆತು ಹಾಳಾಗುವುದು ಕಡಿಮೆ, ಗೊಜ್ಜು ಮಂದವಾಗಿಸಲು ಬೇಕಾದ ಖರ್ಚೂ ಕಡಿಮೆ. ಆ ಉಳಿತಾಯ ಗ್ರಾಹಕರಿಗೆ ಕಾಣುವಂತಿತ್ತು. 1999ರ ಹೊತ್ತಿಗೆ 18 ಲಕ್ಷ ಡಬ್ಬಿ ಖರ್ಚಾದವು.

ಅದೇ 1996ರ ಕೊನೆಗೆ ಅಮೆರಿಕದಿಂದ ಯುರೋಪಿಗೆ ಕಳೆನಾಶಕ ತಾಳಿಕೊಳ್ಳುವ ಸೋಯಾ ಬಂತು. ಸಾಮಾನ್ಯ ಸೋಯಾ ಜೊತೆ ಬೆರೆಸಿ ಬಂತು. ಬೇರೆ ಮಾಡಲಾಗದು ಎಂದರು. ಸೋಯಾ ಎಣ್ಣೆ, ಸೋಯಾದಿಂದ ತೆಗೆದು ತಿನಿಸಿಗೆ ಬೆರೆಸುವ ಲೆಸಿಥಿನ್ ಎಂಬ ರೂಪದಲ್ಲಿ ಅದು ನೂರಾರು ತಿನಿಸುಗಳೊಳಗೆ ಹೋಗುತ್ತದೆ. ಗ್ರಾಹಕರಿಗೆ ಹೇಳಿದವರಿಲ್ಲ, ಅವರಿಗೆ ಬೆಲೆಯಲ್ಲಿ ಲಾಭವಿಲ್ಲ, ಬೇಡ ಎನ್ನಲು ದಾರಿಯಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಷ್ಟೇ ಬ್ರಿಟಿಷ್ ಸರ್ಕಾರ ಹುಚ್ಚು ಹಸು ರೋಗಕ್ಕೂ ಮನುಷ್ಯರ ಮಿದುಳಿನ ಕಾಯಿಲೆಗೂ ಸಂಬಂಧ ಇರಬಹುದು ಎಂದು ಒಪ್ಪಿಕೊಂಡಿತ್ತು, ವರ್ಷಗಟ್ಟಲೆ ಹಸುವಿನ ಮಾಂಸ ಸುರಕ್ಷಿತ ಎನ್ನುತ್ತ ಬಂದ ಮೇಲೆ. ಆಹಾರ ಸುರಕ್ಷಿತ ಎಂದು ಯಾರು ಹೇಳಿದರೂ ನಂಬುವ ಸ್ಥಿತಿಯಲ್ಲಿ ಜನ ಇರಲಿಲ್ಲ. 1998ರಲ್ಲಿ ಕುಲಾಂತರಿ ಆಲೂಗಡ್ಡೆ ತಿಂದ ಇಲಿಗಳ ಬಗ್ಗೆ ವಿಜ್ಞಾನಿ ಅರ್ಪಾದ್ ಪುಸ್ಟಾಯ್ ಟಿವಿಯಲ್ಲಿ ಮಾತಾಡಿದಾಗ ಆ ಒಣಹುಲ್ಲಿಗೆ ಕಿಡಿ ಬಿತ್ತು. ಅವರ ಪ್ರಯೋಗದ ಬಗ್ಗೆ ತಜ್ಞರ ಟೀಕೆ ಕಟುವಾಗಿತ್ತು, ಆದರೆ ಹೊತ್ತಿಕೊಂಡದ್ದು ಆರಲಿಲ್ಲ. 1999ರಲ್ಲಿ ಅಂಗಡಿಗಳು ಟೊಮೆಟೊ ಗೊಜ್ಜನ್ನೂ ತೆಗೆದುಹಾಕಿದವು. ಹೇಳಿ ಮಾರಿದ್ದೂ ಹೇಳದೆ ಬೆರೆಸಿದ್ದೂ ಒಟ್ಟಿಗೇ ಹೋದವು.

1998ರಿಂದ 2000ದವರೆಗೆ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್ ದೇಶಗಳಲ್ಲಿ ಜನರನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಗಂಟೆಗಟ್ಟಲೆ ಮಾತಾಡಿಸಿದ ಅಧ್ಯಯನವೊಂದಿದೆ. ಐದೂ ದೇಶಗಳಲ್ಲಿ ಜನ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳಿದರು. ಇದು ನಮಗೆ ಯಾಕೆ ಬೇಕು? ಲಾಭ ಯಾರಿಗೆ? ತೀರ್ಮಾನಿಸಿದವರು ಯಾರು? ನಮಗೆ ಮೊದಲೇ ಯಾಕೆ ಹೇಳಲಿಲ್ಲ? ಆರಿಸಿಕೊಳ್ಳುವ ಅವಕಾಶ ಯಾಕಿಲ್ಲ? ಮುಂದೆ ಏನಾದರೂ ಆದರೆ ಹೊಣೆ ಯಾರು? ಜೀನು ಎಂದರೇನು ಎಂಬುದು ಈ ಪಟ್ಟಿಯಲ್ಲಿ ಇಲ್ಲ. ಟೊಮೆಟೊ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರೂ ಇವನ್ನು ಕೇಳಬಲ್ಲರು. ಕೇಳುವ ಹಕ್ಕೂ ಅವರಿಗಿದೆ. ಪ್ರಶ್ನಾವಳಿ ಮಾಡುವವರು ಈ ಆರನ್ನೂ ಒಂದೊಂದು ಸಾಲಾಗಿ ಸೇರಿಸಲಿ ಎಂಬುದು ನನ್ನ ಕೋರಿಕೆ.

ಕೊನೆಗೆ ಲೇಬಲ್. ಲೇಬಲ್ ಹಾಕಿದರೆ ಜನ ಹೆದರುತ್ತಾರೆ, ಎಚ್ಚರಿಕೆಯ ಫಲಕದಂತೆ ಕಾಣುತ್ತದೆ ಎಂಬ ವಾದ ಹಳೆಯದು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 2016ರ ಜುಲೈ 1ರಿಂದ ಲೇಬಲ್ ಕಡ್ಡಾಯವಾಯಿತು. ಆ ತಿಂಗಳ ಕೊನೆಗೆ ಇಡೀ ದೇಶಕ್ಕೆ ಬೇರೆ ಕಾನೂನು ಬಂದು ರಾಜ್ಯದ್ದು ನಿಂತುಹೋಯಿತು. ಆದರೆ ಆ ಅಲ್ಪ ಕಾಲದ ಲೇಬಲ್ಲಿನಿಂದ ಒಂದು ಸಹಜ ಪ್ರಯೋಗ ಆದಂತಾಯಿತು. ವರ್ಮಾಂಟಿನ ಜನರ ಅಭಿಪ್ರಾಯವನ್ನು ಲೇಬಲ್ಲಿಗೆ ಮೊದಲೂ ಆಮೇಲೂ, ಉಳಿದ ದೇಶದ ಜನರ ಜೊತೆ ಹೋಲಿಸಿ ನೋಡಿದ ಸಂಶೋಧಕರು 2018ರಲ್ಲಿ ವರದಿ ಮಾಡಿದರು: ಲೇಬಲ್ ಬಂದ ಕಡೆ ವಿರೋಧ ಶೇ. 19ರಷ್ಟು ತಗ್ಗಿತ್ತು. ಆ ಇಬ್ಬರು ಸಂಶೋಧಕರಲ್ಲಿ ಒಬ್ಬರು, ಡಿಎನ್‌ಎ ಲೇಬಲ್ ಪ್ರಶ್ನೆಯ ಸಮೀಕ್ಷೆಯನ್ನು ನಡೆಸುತ್ತಿದ್ದವರೇ, ಜೇಸನ್ ಲಸ್ಕ್. ಆ ಲೇಬಲ್ ಹೇಗಿತ್ತು ಎಂಬುದನ್ನೂ ನೋಡಿ. ಬಣ್ಣವಿಲ್ಲ, ಚಿಹ್ನೆಯಿಲ್ಲ, ಜೆನೆಟಿಕ್ ಎಂಜಿನಿಯರಿಂಗ್ ಬಳಸಿ ತಯಾರಿಸಿದ್ದು ಎಂಬ ಅರ್ಥದ ಒಂದು ಸಾದಾ ಸಾಲು.

ಲೇಬಲ್ ಯಾವಾಗ ಬೇಕು ಎಂಬ ಮಿತಿ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಒಕ್ಕೂಟದಲ್ಲಿ ಒಂದು ಪದಾರ್ಥದಲ್ಲಿ ಆಕಸ್ಮಿಕವಾಗಿ ಬೆರೆತದ್ದು ಶೇ. 0.9ರವರೆಗೆ ಇದ್ದರೆ ಹೇಳಬೇಕಿಲ್ಲ. ಅಮೆರಿಕದಲ್ಲಿ, 2022ರಿಂದ ಕಡ್ಡಾಯವಾದ ನಿಯಮದಲ್ಲಿ, ಶೇ. 5ರವರೆಗೆ. ಇನ್ನೊಂದು ಸೂಕ್ಷ್ಮ: ಯುರೋಪು ಪದಾರ್ಥ ಎಲ್ಲಿಂದ ಬಂತು ಎಂದು ನೋಡುತ್ತದೆ, ಹಾಗಾಗಿ ಕುಲಾಂತರಿ ಸೋಯಾದ ಶುದ್ಧ ಎಣ್ಣೆಗೂ ಲೇಬಲ್ ಬೇಕು, ಅದರಲ್ಲಿ ಬದಲಾದ ಜೀನಿನ ಕುರುಹು ಸಿಗದಿದ್ದರೂ. ಅಮೆರಿಕದ ನಿಯಮ ತಯಾರಾದ ಆಹಾರದಲ್ಲಿ ಆ ಕುರುಹು ಇದೆಯೇ ಎಂದು ನೋಡುತ್ತದೆ. ಯಾವುದು ಸರಿ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಉತ್ತರ ಸಿಗದು. ತಟ್ಟೆಯಲ್ಲಿರುವುದನ್ನು ಮಾತ್ರ ತಿಳಿಯಬೇಕೋ, ಅದು ಬಂದ ದಾರಿಯನ್ನೂ ತಿಳಿಯಬೇಕೋ? ಇದನ್ನು ಜನರನ್ನೇ ಕೇಳಬೇಕು. ಎಣ್ಣೆಯ ಉದಾಹರಣೆಯನ್ನೇ ಕೊಟ್ಟು, "ಹೇಳಲಾರೆ" ಎಂಬ ಖಾನೆಯನ್ನೂ ಇಟ್ಟು.